ಸೂಜಿಗೆ ಮುಂಚೆ ಒಂದು ಹನಿ ರಕ್ತ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು-ಹನ್ನೊಂದು ತಿಂಗಳು ಬೇಕು. ಅಲ್ಲಿವರೆಗೆ ಮನೆ ನಡೆಸೋದು ಡೇರಿ ಬಟವಾಡೆ. ತೆಂಗಿಗೆ ಗೊಬ್ಬರವೂ ಅದೇ ಕೊಟ್ಟಿಗೆಯದು. ಒಂದು ಸೀಮೆಹಸು ಸತ್ತರೆ ಸಂಸಾರವೇ ಅಲ್ಲಾಡುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಹಸು ಕರು ಹಾಕಿ ತಿಂಗಳಾಗಿರಲಿಲ್ಲ, ಜ್ವರ ಬಂತು. 'ಮೂರು ದಿನದ ಜ್ವರ, ತಾನೇ ಇಳಿಯುತ್ತೆ ಬಿಡಿ' ಅಂದರು ಪಕ್ಕದ ಮನೆಯವರು. ನನಗೂ ಹಾಗೇ ಅನಿಸಿತು. ನಾಲ್ಕು ದಿನ ಸೂಜಿ ಹಾಕಿಸಿದೆ. ಐದನೇ ದಿನ ಹಸು ಏಳಲೇ ಇಲ್ಲ. ಯಾವ ರೋಗ ಅಂತ ಇವತ್ತಿಗೂ ಗೊತ್ತಿಲ್ಲ.

ಹೋದ ಬೇಸಿಗೆಯಲ್ಲಿ ಇನ್ನೊಂದು ಹಸುವಿಗೂ ಜ್ವರ. ಈ ಸಲ ಬಂದ ಡಾಕ್ಟರು ಔಷಧಿಗೆ ಮುಂಚೆ ಅದರ ಕಿವಿಯಿಂದ ಹನಿ ರಕ್ತ ತೆಗೆದು ಗಾಜಿನ ಪಟ್ಟಿಗೆ ಸವರಿಕೊಂಡರು. ಪಕ್ಕದಲ್ಲೇ ಕಟ್ಟಿದ್ದ ಕಡಸಿನದೂ ಇರಲಿ ಅಂದರು. ಸಂಜೆಗೆ ಸುದ್ದಿ ಬಂತು: ಎರಡರಲ್ಲೂ ಥೈಲೇರಿಯಾ! ಗುಂಡುಕಲ್ಲಿನಂತಿದ್ದ ಕಡಸಿನಲ್ಲೂ ಅದು ಇದ್ದೀತು ಎಂದು ನಾವ್ಯಾರೂ ಎಣಿಸಿರಲಿಲ್ಲ.

ಥೈಲೇರಿಯಾ ರಕ್ತಕಣದೊಳಗೆ ಸೇರಿಕೊಳ್ಳುವ ಪರಾವಲಂಬಿ. ಹರಡುವುದು ಉಣ್ಣಿಯಿಂದ. ಇಂಥದ್ದೇ ಇನ್ನೊಂದು ಜ್ವರ, ಕೆಂಪು ಮೂತ್ರ ಬರುವ ಬಬೇಸಿಯಾ. ಅದನ್ನು ಉಣ್ಣಿ ಹರಡುತ್ತದೆಂದು ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲೇ ತೋರಿಸಿಕೊಟ್ಟರು. ಜ್ವರ ಇಳಿಸುವ ಸೂಜಿಯಿಂದ ಥೈಲೇರಿಯಾ ಸಾಯದು, ಅದಕ್ಕೆ ಬುಪಾರ್ವಕ್ವೋನ್‌ನಂಥ ಬೇರೆ ಔಷಧಿಯೇ ಬೇಕು. ಬೇಗ ಕೊಟ್ಟಿದ್ದಕ್ಕೆ ನಮ್ಮ ಹಸು ಉಳಿಯಿತು.

ಕಡಸಿಗೆ ಮಾತ್ರ ಡಾಕ್ಟರು ಸೂಜಿ ಹಾಕಲಿಲ್ಲ. ರೋಗ ಬಂದು ವಾಸಿಯಾದ ದನದ ರಕ್ತದಲ್ಲೂ ಇದು ಉಳಿದಿರುತ್ತದಂತೆ. 'ಕಂಡ ಮಾತ್ರಕ್ಕೆ ರೋಗ ಅಲ್ಲ. ಜ್ವರ, ಭುಜದ ಮುಂದಿನ ಗಂಟು, ರಕ್ತಹೀನತೆ ಎಲ್ಲಾ ಸೇರಿಸಿ ನೋಡಬೇಕು' ಅಂದರು. ಆದರೆ ಅದರ ಮೈಮೇಲಿನ ಉಣ್ಣಿ ಬೇರೆ ದನಕ್ಕೆ ರೋಗ ದಾಟಿಸಬಲ್ಲದು. ಹಾಗಾಗಿ ಕೊಟ್ಟಿಗೆ ಗೋಡೆಯ ಬಿರುಕನ್ನೆಲ್ಲ ಮೆತ್ತಿದೆವು. ಉಣ್ಣಿ ಅಡಗುವುದು ಅಲ್ಲೇ.

ಸಗಣಿಯದೂ ಇದೇ ಕತೆ. ಕೆರೆಯಂಗಳದಲ್ಲಿ ಮೇಯುವ ದನ ಬಡಕಲಾದರೆ ನಾವು ಹಿಂಡಿ ಹೆಚ್ಚಿಸುತ್ತೇವೆ. ಸಗಣಿ ನೋಡಿಸಿದರೆ ಈಲಿಯಲ್ಲಿ ಕೂರುವ ಚಪ್ಪಟೆ ಹುಳದ ಮೊಟ್ಟೆ ಸಿಗಬಹುದು. ಅದು ಬರುವುದು ನೀರಿನ ಬಸವನಹುಳುವಿನ ಮೂಲಕ. ಎಲ್ಲ ಜಂತಿನ ಔಷಧಿಗೂ ಅದು ಸಾಯುವುದಿಲ್ಲ.

ನಾನು ಹೇಳುವುದಿಷ್ಟೆ. ಔಷಧಿಗೆ ಮುಂಚೆ 'ರಕ್ತ ನೋಡ್ತೀರಾ ಸ್ವಾಮಿ?' ಎಂದು ಕೇಳೋಣ. ಹೊಸ ಸಗಣಿಯನ್ನು ಶುಚಿಯಾದ ಡಬ್ಬಿಯಲ್ಲಿ ಅವತ್ತೇ ಮುಟ್ಟಿಸೋಣ. ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕ ಇದ್ದರೆ ಸಾಲದು, ನೋಡುವವರಿರಬೇಕು, ವರದಿ ಅದೇ ದಿನ ಸಿಗಬೇಕು. ಹಾಲಿನ ಗಾಡಿ ದಿನಾ ಊರಿಗೆ ಬರುತ್ತದೆ. ಡ್ರೈವರ್ ಪಕ್ಕ ಗಾಜಿನ ಪಟ್ಟಿಯ ಒಂದು ಪೆಟ್ಟಿಗೆ ಇಡಲು ಜಾಗವಿಲ್ಲವೇ? ಡೇರಿ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಎತ್ತೋಣ.