ಸುರಿದವರೇ ಲೆಕ್ಕ ಕೊಡಲಿ

ನರರೋಗದ ಒಪಿಡಿಯಲ್ಲಿ ಕೇಳುವ ಪ್ರಶ್ನೆಗಳು ನನಗೀಗ ಬಾಯಿಪಾಠ. ಸಕ್ಕರೆ ಕಾಯಿಲೆ ಇದೆಯಾ? ಕುಡೀತೀರಾ? ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಇತ್ತಾ? ಇತ್ತೀಚೆಗೆ ಮನಸ್ಸಿಗೆ ಏನಾದರೂ ಹಚ್ಚಿಕೊಂಡಿದ್ದೀರಾ? ಹುಟ್ಟಿ ಬೆಳೆದ ಊರು ಯಾವುದು, ಕುಡಿದ ನೀರು ಯಾವುದು, ಆ ಊರಿನ ಗುಡ್ಡಕ್ಕೆ ಹೊಳೆಗೆ ಸಮುದ್ರಕ್ಕೆ ಯಾರು ಏನು ಸುರಿದರು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ವಿಳಾಸ ಬರೆದುಕೊಳ್ಳುತ್ತಾರೆ, ನಿಜ. ಅದು ಕೇಸ್ ಪೇಪರಿನ ತಲೆಯ ಮೇಲೇ ಉಳಿಯುತ್ತದೆ, ರೋಗದ ವಿಚಾರಣೆಗೆ ಇಳಿಯುವುದೇ ಇಲ್ಲ.

ನನ್ನ ಎಡಗಾಲಿನಿಂದ ಚಪ್ಪಲಿ ಕಳಚಿದರೆ ನನಗೆ ಗೊತ್ತಾಗುವುದಿಲ್ಲ. ಅಂಕೋಲೆ ಪೇಟೆಯಲ್ಲಿ ಹಿಂದಿನಿಂದ ಬಂದವರು "ಮಾಸ್ತರೇ, ಚಪ್ಪಲಿ ಅಲ್ಲೇ ಬಿತ್ತು" ಎಂದು ಕೂಗಿದಾಗ ಕೆಳಗೆ ನೋಡುತ್ತೇನೆ. ಬರಿಗಾಲು, ಕಾದ ಡಾಂಬರು, ಆದರೂ ಸುಟ್ಟಿದ್ದು ತಡವಾಗಿ ತಿಳಿಯುತ್ತದೆ. ಬೋರ್ಡಿನ ಮೇಲೆ ಬರೆಯುತ್ತಿದ್ದಂತೆ ಬೆರಳು ತಾನಾಗಿ ಅದುರಿ ಸುಣ್ಣದ ಕಡ್ಡಿ ಬೀಳುತ್ತದೆ. ಡಾಕ್ಟರು ಲೋಹದ ಕವೆಯನ್ನು ಬಡಿದು ಕಾಲಿನ ಹೆಬ್ಬೆರಳ ಗಂಟಿನ ಮೇಲಿಟ್ಟು, ಕಣ್ಣು ಮುಚ್ಚಿಸಿ, ಕಂಪನ ನಿಂತ ಕ್ಷಣ ಹೇಳಿ ಎನ್ನುತ್ತಾರೆ. ಬಲಗಾಲಿನಲ್ಲಿ ಅದು ಜುಮ್ಮೆಂದು ಮೇಲೇರುತ್ತದೆ. ಎಡಗಾಲಿಗೆ ತಣ್ಣನೆಯ ಕಬ್ಬಿಣ ಮುಟ್ಟಿದ್ದು ಗೊತ್ತು, ಅಷ್ಟೇ. ಎಂಆರ್‌ಐ ನಾರ್ಮಲ್. ಇಇಜಿ ನಾರ್ಮಲ್. ನರಗಳ ವೇಗ ಅಳೆಯುವ ಪರೀಕ್ಷೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ, ಕಾರಣ ತಿಳಿಯದು. ಕೊನೆಗೆ, ಟೆನ್ಶನ್ ಕಡಿಮೆ ಮಾಡಿಕೊಳ್ಳಿ, ವಿಟಮಿನ್ ಮಾತ್ರೆ ತಗೊಳ್ಳಿ, ಮೂರು ತಿಂಗಳು ಬಿಟ್ಟು ಬನ್ನಿ.

ಕಾರಣ ತಿಳಿಯದು ಎನ್ನುವುದರ ಬಗ್ಗೆ ನನಗೆ ಸಿಟ್ಟಿಲ್ಲ; ವೈದ್ಯಶಾಸ್ತ್ರಕ್ಕೆ ತಿಳಿಯದ್ದು ಬೇಕಾದಷ್ಟಿದೆ. ಕಾರಣ ಹುಡುಕುವ ಮೊದಲೇ ಹುಡುಕುವ ಜಾಗವನ್ನು ಬೇಲಿ ಹಾಕಿ ಮುಚ್ಚಿಟ್ಟಿದ್ದಾರಲ್ಲ, ಅದಕ್ಕೆ ಸಿಟ್ಟು.

ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮವನ್ನು ನೋಡಿ. ಕನ್ನಡ, ತುಳು ಮಾತಾಡುವ ನಮ್ಮದೇ ಜನ. ಅಲ್ಲಿನ ಗುಡ್ಡಗಳ ಮೇಲೆ ಕೇರಳದ ಸರ್ಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟ. ಗೇರಿನ ಚಿಗುರು, ಹೂವಿಗೆ ಬೀಳುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಗುಡ್ಡದ ಮೇಲೆ ಬಿದ್ದದ್ದು ಮಳೆಗೆ ಇಳಿದು ತೋಡು, ನೀರಿಗಾಗಿ ಕೊರೆದ ಸುರಂಗ, ತೆರೆದ ಬಾವಿ ಸೇರಿತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೇ ಕಾಲು ತಿರುಚಿದ ಕರುಗಳು ಹುಟ್ಟಿದ್ದನ್ನು ಪತ್ರಕರ್ತ ಶ್ರೀಪಡ್ರೆ ಬರೆದರು. ಆ ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಪುಟ್ಟ ಕ್ಲಿನಿಕ್ಕಿಗೆ ಬರುವ ಅಪಸ್ಮಾರ, ಬುದ್ಧಿಮಾಂದ್ಯ, ಸೆಟೆದ ಕೈಕಾಲಿನ ಮಕ್ಕಳನ್ನು ನೋಡಿ ನೋಡಿ, ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ನರರೋಗ ಯಾಕೆ ಎಂದು ತಮ್ಮ ವೃತ್ತಿಬಾಂಧವರನ್ನು ಕೇಳಿದರು. ಔಷಧ ಬರೆದು ಕಳಿಸುವುದರ ಜೊತೆಗೆ ಯಾವ ಮನೆಯಿಂದ ಬಂದರು, ಆ ಮನೆ ಯಾವ ತೋಡಿನ ಪಕ್ಕದಲ್ಲಿದೆ ಎಂದೂ ನೋಡಿದ ವೈದ್ಯರು ಅವರು. ನನಗೆ ಅಂಥ ಒಬ್ಬರು ಸಿಗಬೇಕಿತ್ತು. ಈ ಕರಾವಳಿಯ ಪ್ರತಿ ತಾಲ್ಲೂಕಿಗೂ ಅಂಥವರು ಬೇಕಿತ್ತು.

ಉತ್ತರ ಬರಲು ಎಷ್ಟು ವರ್ಷ ಹಿಡಿಯಿತು ನೋಡಿ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ಜನರ ರಕ್ತದಲ್ಲಿ ಎಂಡೋಸಲ್ಫಾನ್ ಕಂಡಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ವಾಣಿನಗರ ಶಾಲೆಯ ಮಕ್ಕಳನ್ನು, ಸಿಂಪರಣೆಯಿಲ್ಲದ ಮೀಂಜದ ಮಕ್ಕಳ ಜೊತೆ ಹೋಲಿಸಿ, ನರ ಮತ್ತು ಕಲಿಕೆಯ ತೊಂದರೆಗಳು ಪಡ್ರೆಯಲ್ಲೇ ಹೆಚ್ಚು ಎಂದಿತು. ಅಷ್ಟಾದರೂ ಕೇಂದ್ರ ನೇಮಿಸಿದ ಸಮಿತಿಯೊಂದು ನಂಟು ಕಾಣುವುದಿಲ್ಲ ಎಂದು ವರದಿ ಕೊಟ್ಟಿತು. ದೇಶದಲ್ಲಿ ಈ ವಿಷದ ತಯಾರಿಕೆ, ಮಾರಾಟ ನಿಂತದ್ದು 2011ರ ಮೇ 13ರಂದು, ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂಬ ಆದೇಶಕ್ಕೆ 2017 ಬರಬೇಕಾಯಿತು. ಕಾಲು ತಿರುಚಿದ ಆ ಕರು ಹುಟ್ಟಿದ ವರ್ಷದ ಕೂಸು ಅಷ್ಟರಲ್ಲಿ ನಲವತ್ತರ ಹತ್ತಿರ ಬಂದಿರುತ್ತದೆ, ಬದುಕಿದ್ದರೆ.

ಎಂಡೋಸಲ್ಫಾನ್ ಮಿದುಳಿನಲ್ಲಿ ಮಾಡುವ ಕೆಲಸ ಗುಟ್ಟಿನದೇನಲ್ಲ. ನರಕೋಶಗಳಿಗೆ ಕಡಿವಾಣ ಹಾಕುವ ಗಾಬಾ ಎಂಬ ರಾಸಾಯನಿಕವಿದೆ. ಅದು ತೆರೆಯಬೇಕಾದ ದಾರಿಯನ್ನೇ ಈ ವಿಷ ಮುಚ್ಚುತ್ತದೆ. ಕಡಿವಾಣ ತಪ್ಪಿದ ಮೇಲೆ ಅದುರುವಿಕೆ, ಸೆಳೆತ, ಫಿಟ್ಸ್. ಆದರೆ ರಕ್ತದಲ್ಲಿ ಅದು ಬಹುಕಾಲ ನಿಲ್ಲುವುದಿಲ್ಲ. ವರ್ಷಗಳ ನಂತರ ಸೂಜಿ ಚುಚ್ಚಿ ರಕ್ತ ತೆಗೆದು, ಏನೂ ಸಿಗಲಿಲ್ಲ, ಹಾಗಾದರೆ ಏನೂ ಆಗಿರಲಿಲ್ಲ ಎನ್ನುವುದು ಎಂಥ ನ್ಯಾಯ?

ಅದು ಕೇರಳದ ಕಥೆ ಎಂದು ಯಾರೂ ಕೈ ಒರೆಸಿಕೊಳ್ಳಬೇಕಾಗಿಲ್ಲ. ನಮ್ಮ ಕರ್ನಾಟಕ ಗೇರು ಅಭಿವೃದ್ಧಿ ನಿಗಮವೂ ಇದನ್ನೇ ಸುರಿಯಿತು. ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ ಮಲಗಿದಲ್ಲೇ ಇರುವ ಮಕ್ಕಳನ್ನು ಹಡೆದವರು ಇವತ್ತಿಗೂ ಎತ್ತಿ ಮೀಯಿಸುತ್ತಿದ್ದಾರೆ. ದಕ್ಷಿಣ ಕನ್ನಡ, ಉಡುಪಿಯ ಜೊತೆ ಉತ್ತರ ಕನ್ನಡವೂ ಸರ್ಕಾರವೇ ಒಪ್ಪಿಕೊಂಡ ಎಂಡೋಸಲ್ಫಾನ್ ಪೀಡಿತ ಜಿಲ್ಲೆ. ಕಾರವಾರ, ಅಂಕೋಲೆಯಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆ? ಸರ್ಕಾರ ಒಂದು ಹಂತದಲ್ಲಿ ಮಾಸಾಶನವನ್ನು ಅಂಗವಿಕಲತೆ ಶೇ. 25ರಿಂದ 60 ಇದ್ದರೆ 1,500 ರೂಪಾಯಿ, ಅದಕ್ಕೂ ಮೇಲಿದ್ದರೆ 3,000 ಎಂದು ನಿಗದಿ ಮಾಡಿತು. ಶೇಕಡಾ ಬರೆಯಬೇಕಾದರೆ ರೋಗಕ್ಕೊಂದು ಹೆಸರು ಬೇಕು. ಹೆಸರೇ ಸಿಗದ ನಡುಕ, ಹೆಸರೇ ಸಿಗದ ಜೋಮು, ದಿನಕ್ಕೆ ನಾಲ್ಕು ಸಲ ಕ್ಷಣಕಾಲ ಕತ್ತಲಾಗುವ ಕಣ್ಣು, ಇವುಗಳಿಗೆ ಯಾವ ಕಾಲಂ?

ಇನ್ನು ಸಮುದ್ರ. ಕಾರವಾರದ ಬಿಣಗಾದಲ್ಲಿ ಎಪ್ಪತ್ತರ ದಶಕದಲ್ಲಿ ಶುರುವಾದ ಕಾಸ್ಟಿಕ್ ಸೋಡಾ ಕಾರ್ಖಾನೆ ಮೊದಲು ನಡೆದದ್ದು ಪಾದರಸದ ಕೋಶಗಳಲ್ಲಿ. ಉಪ್ಪುನೀರಿಗೆ ವಿದ್ಯುತ್ ಹರಿಸಿ ಕ್ಲೋರಿನ್, ಕಾಸ್ಟಿಕ್ ತೆಗೆಯುವ ಹಳೆಯ ಪದ್ಧತಿ ಅದು; ಪಾದರಸ ಚೂರುಚೂರಾಗಿ ತ್ಯಾಜ್ಯದ ಜೊತೆ ಸೋರುವುದು ಆ ಪದ್ಧತಿಯ ಹುಟ್ಟುಗುಣ. ಬಿಣಗಾ ಕೊಲ್ಲಿಯ ಕೆಸರಿನಲ್ಲಿ ಪಾದರಸ ಎಷ್ಟಿದೆಯೆಂದು ವಿಜ್ಞಾನಿಗಳು ಅಳೆದಿದ್ದಾರೆ, ಪ್ರಬಂಧ ಬರೆದಿದ್ದಾರೆ. ಆ ದಂಡೆಯ ಬಂಗಡೆ, ತಾರ್ಲೆ, ಬಳಚು ತಿಂದು ಬೆಳೆದವರಲ್ಲಿ ನನ್ನ ಹಾಗೆ ಕಾಲಿನ ಸ್ಪರ್ಶ ಹೋದವರ ಕೂದಲನ್ನೋ ರಕ್ತವನ್ನೋ ಪರೀಕ್ಷಿಸಿ ಎಂದು ಕೇಳಿದರೆ ಆಸ್ಪತ್ರೆಯಲ್ಲಿ ಮುಖ ನೋಡುತ್ತಾರೆ.

ಜಪಾನಿನ ಮಿನಮಾಟದಲ್ಲಿ ಪಾದರಸ ತಂದ ರೋಗವೂ ಮೊದಲು ಕಾರಣ ತಿಳಿಯದ ನರರೋಗವೇ. 1956ರ ಮೇ 1ರಂದು, ಅಲ್ಲಿ ಕಾರ್ಖಾನೆ ನಡೆಸುತ್ತಿದ್ದ ಚಿಸ್ಸೊ ಕಂಪನಿಯ ಆಸ್ಪತ್ರೆಯ ಮುಖ್ಯಸ್ಥ ಡಾ. ಹೊಸೊಕಾವಾ ಇದನ್ನು ಸ್ಥಳೀಯ ಆರೋಗ್ಯ ಕಚೇರಿಗೆ ವರದಿ ಮಾಡಿದರು. ಕೈಕಾಲು ಜೋಮು, ತೊದಲುವ ನಾಲಿಗೆ, ಕಿರಿದಾಗುವ ದೃಷ್ಟಿ. 1959ರಲ್ಲಿ ಅದೇ ವೈದ್ಯರು ಕಾರ್ಖಾನೆಯ ತ್ಯಾಜ್ಯವನ್ನು ಬೆಕ್ಕಿಗೆ ತಿನ್ನಿಸಿ ಅದೇ ಲಕ್ಷಣ ಕಂಡರು. ಕಂಪನಿ ಆ ಫಲಿತಾಂಶ ಮುಚ್ಚಿಟ್ಟಿತು. 1968ರವರೆಗೆ ತ್ಯಾಜ್ಯ ಸಮುದ್ರಕ್ಕೆ ಹರಿಯುತ್ತಲೇ ಇತ್ತು.

ನನ್ನ ಕಾಲಿಗೆ ಪಾದರಸವೇ ಕಾರಣ ಎಂದು ನಾನು ಹೇಳುತ್ತಿಲ್ಲ, ಗೇರುತೋಪಿನ ವಿಷವೇ ಎಂದೂ ಹೇಳುತ್ತಿಲ್ಲ. ಪರೀಕ್ಷೆಯನ್ನೇ ಮಾಡದವರಿಗೆ ಅದು ಅಲ್ಲ ಎನ್ನುವ ಹಕ್ಕು ಎಲ್ಲಿಂದ ಬಂತು ಎಂದು ಕೇಳುತ್ತಿದ್ದೇನೆ.

2024ರ ಜುಲೈ 16ರಂದು ನಮ್ಮ ಅಂಕೋಲೆ ತಾಲ್ಲೂಕಿನ ಶಿರೂರಿನ ಗುಡ್ಡ ಕುಸಿದಾಗ ದೇಶವೇ ತಿರುಗಿ ನೋಡಿತು. ಹೆದ್ದಾರಿಗಾಗಿ ಗುಡ್ಡದ ಬುಡ ಕಡಿದದ್ದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಕಾಣೆಯಾದವರಿಗಾಗಿ ಗಂಗಾವಳಿ ಹೊಳೆಯಲ್ಲಿ ವಾರಗಟ್ಟಲೆ ಶೋಧ ನಡೆಯಿತು, ಮಂತ್ರಿಗಳು ಬಂದರು, ಕ್ಯಾಮೆರಾ ಬಂತು. ನರಗಳ ಬುಡ ಕಡಿದರೆ ಶಬ್ದವೇ ಆಗುವುದಿಲ್ಲ. ಇಪ್ಪತ್ತು ವರ್ಷ ಹಿಡಿದು ಒಬ್ಬೊಬ್ಬರ ಮನೆಯಲ್ಲಿ ಒಬ್ಬೊಬ್ಬರು ಕುಸಿಯುತ್ತಾರೆ, ಅದನ್ನು ವಯಸ್ಸು, ವಾತ, ಗ್ರಹಚಾರ ಎಂದು ಬರೆದು ಮುಗಿಸುತ್ತಾರೆ.

ಕುಸಿದವರು ಎಲ್ಲಿಗೆ ಹೋಗಬೇಕು? ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಆದರೂ ನರದ ತೊಂದರೆ ಎಂದ ಕೂಡಲೇ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿ, ಇಲ್ಲವೇ ಮಣಿಪಾಲ, ಇಲ್ಲವೇ ಗಡಿ ದಾಟಿ ಗೋವಾದ ಬಾಂಬೋಳಿಯ ಸರ್ಕಾರಿ ಆಸ್ಪತ್ರೆ. ಗೋವಾ ಸರ್ಕಾರ 2018ರಿಂದ ಹೊರರಾಜ್ಯದವರಿಗೆ ಶುಲ್ಕ ಹಾಕಿದ ಮೇಲೆ ಕಾರವಾರದ ಬಡವರಿಗೆ ಆ ಬಾಗಿಲೂ ಅರ್ಧ ಮುಚ್ಚಿತು. 2022ರ ಜುಲೈಯಲ್ಲಿ ಹೊನ್ನಾವರದಿಂದ ಉಡುಪಿಯತ್ತ ಧಾವಿಸುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಟೋಲ್‌ಗೇಟಿಗೆ ಅಪ್ಪಳಿಸಿ ನಾಲ್ವರು ಸತ್ತಾಗ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ ಎಂದು ಜಿಲ್ಲೆಯ ಹುಡುಗರು ಕೂಗಿದ್ದು ಸುಮ್ಮನೆ ಅಲ್ಲ. ನೌಕಾನೆಲೆಗೆ ಊರು ಬಿಟ್ಟೆವು, ಕೈಗಾ ಅಣುಸ್ಥಾವರಕ್ಕೆ ಕಾಡು ಬಿಟ್ಟೆವು, ಹೆದ್ದಾರಿಗೆ ಗುಡ್ಡ ಬಿಟ್ಟೆವು. ಇಷ್ಟು ಕೊಟ್ಟ ಜಿಲ್ಲೆಯ ರೋಗಿ ಪ್ಲಾಸ್ಟಿಕ್ ಚೀಲದಲ್ಲಿ ಸ್ಕ್ಯಾನಿಂಗ್ ಫಿಲ್ಮು ಹೊತ್ತು ರಾತ್ರಿ ಬಸ್ಸಿನಲ್ಲಿ ಕೂರಬೇಕು, ಬೆಳಿಗ್ಗೆ ಚೀಟಿಯ ಸರದಿಯಲ್ಲಿ ನಿಲ್ಲಬೇಕು, ನಿಲ್ಲಲಾರದ ಕಾಲಿನ ಮೇಲೆ.

ಹಾಗಾಗಿ ಕೇಳುತ್ತೇನೆ, ಬೇಡುತ್ತಿಲ್ಲ. ಉತ್ತರ ಕನ್ನಡದ ಯಾವ ಯಾವ ಗೇರು ನೆಡುತೋಪಿಗೆ, ಯಾವ ವರ್ಷ, ಎಷ್ಟು ಲೀಟರ್ ಎಂಡೋಸಲ್ಫಾನ್ ಹೋಯಿತು ಎಂಬ ದಾಸ್ತಾನು ಪುಸ್ತಕ ಗೇರು ಅಭಿವೃದ್ಧಿ ನಿಗಮದ ಬಳಿ ಇರಲೇಬೇಕು. ಅದನ್ನು ಆಯಾ ಗ್ರಾಮ ಪಂಚಾಯತಿಯ ಗೋಡೆಗೆ ಅಂಟಿಸಿ. ಬಿಣಗಾ ಕೊಲ್ಲಿಯ ಕೆಸರು ಮತ್ತು ಮೀನನ್ನು ಮತ್ತೆ ಅಳೆದು, ಅಂಕಿಗಳನ್ನು ಮೀನು ಮಾರುವ ಹೆಂಗಸರಿಗೆ ಅರ್ಥವಾಗುವ ಕನ್ನಡ, ಕೊಂಕಣಿಯಲ್ಲಿ ಹೇಳಿ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಕಾರಣ ತಿಳಿಯದ ನರದೋಷಕ್ಕೊಂದು ರಿಜಿಸ್ಟರ್ ತೆರೆದು, ರೋಗಿಯ ಹೆಸರಿನ ಪಕ್ಕದಲ್ಲೇ ಅವನ ಬಾವಿ, ಅವನ ಕೆಲಸ, ಅವನ ಗುಡ್ಡ ಬರೆಯಿರಿ. ಜೋಮು ಹಿಡಿದ ನನ್ನ ಕಾಲನ್ನು ನಾನು ಊರೂರು ಎಳೆದುಕೊಂಡು ಹೋಗಿ ತೋರಿಸಿದ್ದಾಯಿತು. ಇನ್ನು ತೋರಿಸಬೇಕಾದವರು ಸುರಿದವರು.