ಅರ್ಜಿ ಮುಗಿಯಿತು, ನಮ್ಮ ಆಧಾರ್ ಅಲ್ಲೇ ಯಾಕಿರಬೇಕು?

ಚಳ್ಳಕೆರೆ, ಮೊಳಕಾಲ್ಮುರು ಕಡೆ ಶೇಂಗಾ ಬಿತ್ತನೆ ಶುರುವಾದರೆ ಬೆಳೆ ವಿಮೆಗೆ ಆನ್‌ಲೈನ್ ಸೆಂಟರ್‌ಗೆ ಓಡುತ್ತೇವೆ. ಆಧಾರ್, ಪಹಣಿ, ಪಾಸ್‌ಬುಕ್ ಎಲ್ಲವನ್ನೂ ಅಂಗಡಿಯವರ ವಾಟ್ಸಾಪ್‌ಗೆ ಕಳಿಸುತ್ತೇವೆ. ಅರ್ಜಿ ಹಾಕಿಸಿ, ದುಡ್ಡು ಕೊಟ್ಟು ಬರುತ್ತೇವೆ. ಆ ಫೈಲುಗಳು ಆಮೇಲೆ ಏನಾದವು ಅಂತ ಎಷ್ಟು ಜನ ಕೇಳಿದ್ದೇವೆ?

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಕೊಟ್ಟಿತ್ತು. ಸೈಬರ್ ಸೆಂಟರ್‌ನಲ್ಲಿ ಇ-ಆಧಾರ್ ತೆಗೆದರೆ ಆ ಕಂಪ್ಯೂಟರ್‌ನಿಂದ ಶಾಶ್ವತವಾಗಿ ಅಳಿಸಿ ಎಂದಿತ್ತು. ಜನ ತಪ್ಪು ತಿಳಿಯಬಹುದೆಂದು ಕೇಂದ್ರ ಸರ್ಕಾರ ಎರಡೇ ದಿನಕ್ಕೆ ಅದನ್ನು ವಾಪಸ್ ಪಡೆಯಿತು. ಆದರೆ ಅಳಿಸಿ ಎಂಬ ಮಾತಿನಲ್ಲಿ ತಪ್ಪೇನಿತ್ತು?

"ಡಿಲೀಟ್ ಮಾಡ್ತೀವಲ್ಲ" ಅನ್ನುತ್ತಾರೆ. ಡಿಲೀಟ್ ಒತ್ತಿದ ಫೈಲ್ ರೀಸೈಕಲ್ ಬಿನ್‌ನಲ್ಲಿ ಕೂತಿರುತ್ತದೆ. ಬಿನ್ ಖಾಲಿ ಮಾಡಿದರೂ ಹಾರ್ಡ್‌ಡಿಸ್ಕ್‌ನ ಪಟ್ಟಿಯಿಂದ ಹೆಸರು ಹೋಗುತ್ತದೆ ಅಷ್ಟೇ. ಆ ಜಾಗದ ಮೇಲೆ ಬೇರೇನಾದರೂ ಬರೆಯುವ ತನಕ ರಿಕವರಿ ಸಾಫ್ಟ್‌ವೇರ್ ಅದನ್ನು ಹೊರತೆಗೆಯಬಲ್ಲದು. ಪಹಣಿಯಲ್ಲಿ ಹೆಸರು ಹೊಡೆದರೆ ಹೊಲ ಮಾಯವಾಗುತ್ತದೆಯೇ?

ಸೆಂಟರ್ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಸರಿಯಾಗಿ ಅಳಿಸುವ ದಾರಿ ವಿಂಡೋಸ್‌ನಲ್ಲೇ ಪುಕ್ಕಟೆ ಇದೆ. ಗಿರಾಕಿಗಳ ಫೈಲುಗಳಿಗೆ ಬೇರೆ ಫೋಲ್ಡರ್ ಇಡಿ. ಸಂಜೆ ಕಮಾಂಡ್ ಪ್ರಾಂಪ್ಟ್ ತೆರೆದು ಆ ಫೋಲ್ಡರ್‌ಗೆ ಹೋಗಿ. ಮೊದಲು 'ಡಿಐಆರ್' ಕೊಟ್ಟು ಒಳಗೇನಿದೆ ನೋಡಿ. ಆಮೇಲೆ 'ಡಿಇಎಲ್', ಜೊತೆಗೆ 'ಸ್ಲ್ಯಾಶ್ ಪಿ' ಕೊಡಿ. ಒಂದೊಂದು ಫೈಲಿಗೂ ನಿಮ್ಮನ್ನು ಕೇಳಿಯೇ ಅಳಿಸುತ್ತದೆ. ಅವಸರ ಬೇಡ, ಇಲ್ಲಿ ರೀಸೈಕಲ್ ಬಿನ್ ಇಲ್ಲ. ವಾರಕ್ಕೊಮ್ಮೆ 'ಸೈಫರ್' ಕಮಾಂಡನ್ನು 'ಸ್ಲ್ಯಾಶ್ ಡಬ್ಲ್ಯೂ' ಜೊತೆ ಓಡಿಸಿದರೆ ಖಾಲಿ ಜಾಗದ ಮೇಲೆಲ್ಲ ಹೊಸದಾಗಿ ಬರೆದು ಹಳೆಯದನ್ನು ಮುಚ್ಚುತ್ತದೆ. ಗಂಟೆಗಟ್ಟಲೆ ಹಿಡಿಯಬಹುದು, ರಾತ್ರಿ ಬಿಟ್ಟು ಹೋಗಿ. ಎಸ್‌ಎಸ್‌ಡಿ ಇದ್ದರೆ ಇದನ್ನೂ ಪೂರ್ತಿ ನಂಬುವಂತಿಲ್ಲ. ಕಂಪ್ಯೂಟರ್ ಮಾರುವಾಗ ಡಿಸ್ಕ್ ಕಳಚಿಟ್ಟುಕೊಳ್ಳಿ. ವಾಟ್ಸಾಪ್ ಚಾಟ್‌ನಲ್ಲಿ ಉಳಿದ ಫೋಟೊಗಳನ್ನೂ ತೆಗೆಯಿರಿ.

"ಮುಂದಿನ ಸಲ ಬೇಕಾಗುತ್ತೆ, ಇರಲಿ" ಎಂಬುದು ಇನ್ನೊಂದು ಸಮಜಾಯಿಷಿ. ಮುಂದಿನ ಸಲ ನಾವೇ ತರುತ್ತೇವೆ. ಕಾಗದ ನಮ್ಮದು. ಕೆಲಸ ಮುಗಿದ ಮೇಲೆ ಮಾಹಿತಿ ಅಳಿಸಬೇಕು ಎಂಬ ತತ್ವವನ್ನು ಸಂಸತ್ತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲೇ ಬರೆದಿದೆ.

ತಾಲ್ಲೂಕು ಆಡಳಿತ ಗ್ರಾಮ ಒನ್ ಕೇಂದ್ರಗಳಲ್ಲಿ ಒಂದು ಬೋರ್ಡ್ ಹಾಕಿಸಲಿ: 'ಅರ್ಜಿ ಮುಗಿದ ಮೇಲೆ ನಿಮ್ಮ ದಾಖಲೆ ಅಳಿಸಲಾಗುವುದು.' ಬೋರ್ಡ್ ಬರುವ ತನಕ ಕಾಯಬೇಕಿಲ್ಲ. ದುಡ್ಡು ಕೊಡುವ ಮುಂಚೆ ಕೇಳಿ: "ಅಣ್ಣಾ, ನನ್ನ ಫೈಲ್ ನನ್ನೆದುರೇ ಅಳಿಸು."