ದಾಂಡೇಲಿ ರಾಫ್ಟಿಂಗ್, ನೇತ್ರಾಣಿ ಸ್ನಾರ್ಕ್ಲಿಂಗ್: ತಲೆಗೆ ಎಷ್ಟು ಅಂತ ಕೇಳ್ತೀವಿ, ಬೋಟಿಗೆ ಎಷ್ಟು ತಲೆ ಅಂತ ಕೇಳಲ್ಲ

ದಾವಣಗೆರೆ/ಹರಿಹರ: ಮಳೆಗಾಲ ಮುಗಿದು ದೀಪಾವಳಿ ವ್ಯಾಪಾರದ ಗಡಿಬಿಡಿ ಇಳಿದ ಮೇಲೆ ನಮ್ಮ ಕಡೆ ಟ್ರಿಪ್ ಸೀಸನ್ ಶುರು. ಮಂಡಿಪೇಟೆ, ಚೌಕಿಪೇಟೆ ಅಂಗಡಿಗಳ ಹುಡುಗರು, ಚೀಟಿ ಗ್ರೂಪಿನವರು, ಕಾಲೇಜು ಹಾಸ್ಟೆಲ್‌ನವರು, ಹರಿಹರದ ಫ್ಯಾಕ್ಟರಿ ಶಿಫ್ಟ್ ಗೆಳೆಯರು ಎಲ್ಲರ ವಾಟ್ಸಾಪ್ ಗ್ರೂಪಿನಲ್ಲೂ ಒಂದೇ ಚರ್ಚೆ. ಮೊದಲಾದರೆ ಧರ್ಮಸ್ಥಳ, ಶೃಂಗೇರಿ, ಹೊರನಾಡು ಅಂತಿತ್ತು. ಈಗ ಅದರ ಜೊತೆಗೆ ಎರಡು ಹೆಸರು ಸೇರಿವೆ. ಒಂದು ದಾಂಡೇಲಿಯ ರಾಫ್ಟಿಂಗ್, ಇನ್ನೊಂದು ಮುರುಡೇಶ್ವರದಿಂದ ಬೋಟಿನಲ್ಲಿ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಮಾಡೋ ಸ್ನಾರ್ಕ್ಲಿಂಗ್, ಸ್ಕೂಬಾ. ಶನಿವಾರ ರಾತ್ರಿ ಅಂಗಡಿ ಬಾಗಿಲು ಹಾಕಿ ಟಿಟಿ ಹತ್ತಿದರೆ ಭಾನುವಾರ ನೀರಲ್ಲಿ, ಸೋಮವಾರ ಬೆಳಗ್ಗೆ ಮತ್ತೆ ಗಲ್ಲಾ ಪೆಟ್ಟಿಗೆ ಮುಂದೆ.

ಇದರಲ್ಲಿ ತಪ್ಪೇನೂ ಇಲ್ಲ. ವರ್ಷವಿಡೀ ಬಟ್ಟೆ ಥಾನು ಮಡಚೋ ಹುಡುಗ ಒಂದು ದಿನ ಕಾಳಿ ನದಿಯಲ್ಲಿ ಕೂಗಾಡಲಿ ಬಿಡಿ. ಆದರೆ ಟ್ರಿಪ್ ಬುಕ್ ಮಾಡೋವಾಗ ನಾವು ಕೇಳೋ ಪ್ರಶ್ನೆ ಒಂದೇ: "ತಲೆಗೆ ಎಷ್ಟು ಬೀಳುತ್ತೆ?" ವ್ಯಾಪಾರದ ಊರಿನವರು ನಾವು, ಚೌಕಾಸಿ ರಕ್ತದಲ್ಲೇ ಇದೆ. ಹದಿನೈದು ಜನ ಇದ್ದರೆ ಒಬ್ಬರದ್ದು ಫ್ರೀ ಮಾಡಿಸ್ತೀವಿ, ರಾತ್ರಿ ಕ್ಯಾಂಪ್‌ಫೈರ್ ಸೇರಿಸಿಕೊಡಿ ಅಂತೀವಿ, ಕೊನೆಗೆ ತಲೆಗೆ ಇನ್ನೂರು ಕಡಿಮೆ ಮಾಡಿಸಿ ಗೆದ್ದ ಖುಷಿಯಲ್ಲಿ ಫೋನ್ ಇಡ್ತೀವಿ.

ಆ ಇನ್ನೂರು ಎಲ್ಲಿಂದ ಕಡಿಮೆ ಆಯಿತು ಅನ್ನೋದು ನೋಡಬೇಕು. ಪ್ಯಾಕೇಜ್ ಅಂದರೆ ಒಂದು ಕೈಯಿಂದ ಇನ್ನೊಂದಕ್ಕೆ ದಾಟೋ ಮಾಲು. ಇಲ್ಲಿ ಒಬ್ಬ ಏಜೆಂಟ್, ಅಲ್ಲಿ ಒಂದು ಹೋಂಸ್ಟೇ, ಹೋಂಸ್ಟೇಯವನಿಗೆ ಗೊತ್ತಿರೋ ರಾಫ್ಟ್‌ನವನು. ಏಜೆಂಟ್ ತನ್ನ ಕಮಿಷನ್ ಬಿಡಲ್ಲ, ಹೋಂಸ್ಟೇಯವನಿಗೆ ಊಟದ ಖರ್ಚು ಕಡಿಮೆ ಮಾಡೋದು ಕಷ್ಟ, ಅಕ್ಕಿ ಎಣ್ಣೆ ರೇಟು ನಿಮಗೇ ಗೊತ್ತು. ಉಳಿಯೋದು ಕೊನೆಯವನು, ಹುಟ್ಟು ಹಿಡಿದು ನಿಮ್ಮನ್ನ ನೀರಿಗೆ ಇಳಿಸೋನು. ಅವನ ಕೈಗೆ ಬರೋ ದುಡ್ಡು ಕಡಿಮೆಯಾದಷ್ಟೂ ಅವನು ದಿನಕ್ಕೆ ಹೆಚ್ಚು ಟ್ರಿಪ್ ಹೊಡೀಬೇಕು, ಇಲ್ಲಾಂದ್ರೆ ಒಂದು ಟ್ರಿಪ್‌ಗೆ ಹೆಚ್ಚು ಜನ ಹತ್ತಿಸಬೇಕು. ಲಗೇಜ್ ಆಟೋದಲ್ಲಿ ಮಾಲು ಹೇರೋರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಇದು ಬರೀ ಊಹೆಯಲ್ಲ. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿ ಹತ್ತಿರ ಮಿತಿಗಿಂತ ಹೆಚ್ಚು ಜನರನ್ನ ಕೂರಿಸಿಕೊಂಡ ರಾಫ್ಟ್ ಒಂದು ಕಾಳಿ ನದಿಯಲ್ಲಿ ಸಿಕ್ಕಿಹಾಕಿಕೊಂಡ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ಅಕ್ಕಪಕ್ಕದ ರಾಫ್ಟಿಂಗ್ ಹುಡುಗರೇ ಓಡಿಬಂದು ಕಾಪಾಡಿದರು. ಆಮೇಲೆ ಉತ್ತರ ಕನ್ನಡ ಜಿಲ್ಲಾಡಳಿತ ಅಲ್ಲಿನ ಜಲಕ್ರೀಡೆಗಳನ್ನ ನಿಲ್ಲಿಸಿತ್ತು. ಅದಕ್ಕೂ ಮುಂಚೆ, 2019ರ ಜನವರಿ 21ರಂದು, ಕಾರವಾರದ ಕೂರ್ಮಗಡ ಜಾತ್ರೆ ಮುಗಿಸಿ ವಾಪಸ್ ಬರ್ತಿದ್ದ ಬೋಟ್ ಮುಳುಗಿ 16 ಜನ ಸತ್ತರು. ಅವರಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರು ಇದ್ದರು. ಬೋಟಿನಲ್ಲಿ ಜನ ಜಾಸ್ತಿ, ಹಲವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಸಮುದ್ರದ ಅಂದಾಜಿಲ್ಲದ ಬಯಲುಸೀಮೆಯವರು ಬೋಟ್ ಹತ್ತೋದು ಹೇಗೆ? ಬಸ್ಸು ಹತ್ತಿದ ಹಾಗೇ. "ಸ್ವಲ್ಪ ಸರೀರಿ, ಇನ್ನಿಬ್ಬರು ಕೂರ್ತಾರೆ."

ಕಾಳಿಯಲ್ಲಿ ನೀರು ಬಿಡೋದು ಯಾರು?

ದಾಂಡೇಲಿ ರಾಫ್ಟಿಂಗ್ ಅಂತೀವಿ, ನಡೆಯೋದು ಜೋಯಿಡಾ ತಾಲ್ಲೂಕಿನ ಗಣೇಶಗುಡಿ ಬಳಿ, ಸೂಪಾ ಡ್ಯಾಂ ಕೆಳಗೆ. ಸೂಪಾ 101 ಮೀಟರ್ ಎತ್ತರದ ಡ್ಯಾಂ. ಅದರ ಬುಡದ ವಿದ್ಯುತ್ ಕೇಂದ್ರದಲ್ಲಿ 50 ಮೆಗಾವ್ಯಾಟ್‌ನ ಎರಡು ಯೂನಿಟ್ ಇವೆ. ಕರ್ನಾಟಕ ವಿದ್ಯುತ್ ನಿಗಮ ಯೂನಿಟ್ ಓಡಿಸಿದರೆ ನದಿಗೆ ನೀರು, ನಿಲ್ಲಿಸಿದರೆ ಬಂಡೆ ಕಾಣುತ್ತೆ. ಅಂದರೆ ರಾಫ್ಟಿಂಗ್ ಆಗುತ್ತೋ ಇಲ್ವೋ ಅನ್ನೋದು ಹೋಂಸ್ಟೇಯವನ ಕೈಯಲ್ಲಿಲ್ಲ, ರಾಜ್ಯದ ಕರೆಂಟ್ ಬೇಡಿಕೆ ಮೇಲಿದೆ. ತಮಾಷೆ ಅನ್ನಿಸಬಹುದು, ನಮ್ಮ ಅಡಿಕೆ ತೋಟದ ಪಂಪ್‌ಸೆಟ್‌ಗೂ ಅಲ್ಲಿನ ರಾಫ್ಟಿಗೂ ಸಂಬಂಧ ಇದೆ.

ಇದರಿಂದ ಟ್ರಿಪ್ ಹೋಗೋರಿಗೆ ಏನು? ಭದ್ರಾ ನಾಲೆಯಲ್ಲಿ ಸರದಿ ಪ್ರಕಾರ ನೀರು ಬರೋದು ಕಂಡ ನಮಗೆ ಇದು ಬೇಗ ಅರ್ಥ ಆಗಬೇಕು. ಬೆಳಗ್ಗೆ ಮೊಣಕಾಲು ಮಟ್ಟ ಇದ್ದ ನದಿ ಮಧ್ಯಾಹ್ನ ಹಾಗೇ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ರಾಫ್ಟಿಂಗ್‌ಗೆ ಇಳಿಯೋರಿಗೆ ಗೈಡ್ ಇರ್ತಾನೆ, ಹೆಲ್ಮೆಟ್, ಜಾಕೆಟ್ ಇರುತ್ತೆ. ಅಪಾಯ ಇರೋದು ರಾಫ್ಟಿಂಗ್ ಮುಗಿದ ಮೇಲೆ ಫೋಟೋಗೆ ಬಂಡೆ ಮೇಲೆ ಹೋಗೋರಿಗೆ, ರೆಸಾರ್ಟ್ ಹಿಂದಿನ ದಡದಲ್ಲಿ ಸಂಜೆ ಎರಡು ಪೆಗ್ ಹಾಕಿ ಈಜೋಕೆ ಇಳಿಯೋರಿಗೆ. ಕೆಳಗೆ ದಾಂಡೇಲಿ ಊರ ಹತ್ತಿರದ ಕಾಳಿಯಲ್ಲಿ ಮೊಸಳೆಗಳೂ ಇವೆ, ಅದನ್ನ ಪ್ಯಾಕೇಜ್ ಪಾಂಪ್ಲೆಟ್‌ನಲ್ಲಿ ಯಾರೂ ಹಾಕಲ್ಲ.

ಇನ್ನೊಂದು ಮಾತು. ಪ್ಯಾಕೇಜಿನಲ್ಲಿ ಬರೀ "ರಾಫ್ಟಿಂಗ್" ಅಂತ ಬರೆದಿದ್ದರೆ ಹೆಚ್ಚಾಗಿ ಅದು ಶಾರ್ಟ್ ರಾಫ್ಟಿಂಗ್, ಸ್ವಲ್ಪ ದೂರ ಹೋಗಿ ಮುಗಿಯುತ್ತೆ. ಹಲವು ಕಿಲೋಮೀಟರ್ ಹೋಗೋ ಲಾಂಗ್ ರಾಫ್ಟಿಂಗ್ ಬೇರೆ, ಅದರ ರೇಟೂ ಬೇರೆ, ಅದಕ್ಕೆ ವಯಸ್ಸಿನ ಮಿತಿಯೂ ಇರುತ್ತೆ. ಅಲ್ಲಿ ಹೋಗಿ "ಇಷ್ಟೇನಾ?" ಅಂತ ಜಗಳ ಮಾಡೋ ಬದಲು ಇಲ್ಲಿಂದಲೇ ಕೇಳೋದು ಒಳ್ಳೇದು. ನೀರು ಬಿಡದಿದ್ದರೆ ದುಡ್ಡು ವಾಪಸ್ಸಾ ಅಂತಾನೂ ಮೊದಲೇ ಕೇಳಿ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಉದ್ರಿ ಲೆಕ್ಕ ಬರೆದಿಟ್ಟುಕೊಳ್ಳೋ ಊರಿನವರು ಇದನ್ನ ಯಾಕೆ ಬಾಯಿಮಾತಿಗೆ ಬಿಡ್ತೀವೋ ಗೊತ್ತಿಲ್ಲ.

ನೇತ್ರಾಣಿಗಿಂತ ಬೀಚ್ ಅಪಾಯ

ನೇತ್ರಾಣಿ ಮುರುಡೇಶ್ವರದಿಂದ ಸಮುದ್ರದ ಒಳಗೆ ಸುಮಾರು 19 ಕಿ.ಮೀ. ದೂರ. ಜನವಸತಿ ಇಲ್ಲದ ದ್ವೀಪ. ನೌಕಾಪಡೆ ಗುರಿ ಅಭ್ಯಾಸಕ್ಕೂ ಬಳಸಿದ ಜಾಗ. ಬೋಟಿನಲ್ಲಿ ಗಂಟೆಗೂ ಮೇಲೆ ಹಿಡಿಯುತ್ತೆ, ಅಷ್ಟರಲ್ಲಿ ಅರ್ಧ ಜನಕ್ಕೆ ವಾಂತಿ. ಹೊಟ್ಟೆ ತುಂಬ ತಿಂದು ಹತ್ತಬೇಡಿ ಅನ್ನೋದು ಅದಕ್ಕೇ. ಸ್ನಾರ್ಕ್ಲಿಂಗ್ ಅಂದರೆ ಮುಖಕ್ಕೆ ಮಾಸ್ಕ್, ಬಾಯಿಗೆ ಪೈಪ್ ಕಚ್ಚಿಕೊಂಡು ನೀರಿನ ಮೇಲೆ ಬೋರಲು ತೇಲ್ತಾ ಕೆಳಗಿನ ಮೀನು, ಹವಳ ನೋಡೋದು. ಸ್ಕೂಬಾ ಅಂದರೆ ಸಿಲಿಂಡರ್ ಕಟ್ಟಿಕೊಂಡು ಒಳಗೇ ಇಳಿಯೋದು. ಈಜು ಬರದೋರಿಗೂ ಮಾಡಿಸ್ತಾರೆ, ಪಕ್ಕದಲ್ಲಿ ಟ್ರೈನರ್ ಇರ್ತಾನೆ. ಅಸ್ತಮಾ, ಹಾರ್ಟ್ ತೊಂದರೆ ಇದ್ದರೆ ಫಾರ್ಮಿನಲ್ಲಿ ಮುಚ್ಚಿಡಬೇಡಿ. "ಏ, ಬರೀರಿ ಇಲ್ಲ ಅಂತ" ಅನ್ನೋ ಗೆಳೆಯ ನೀರೊಳಗೆ ನಿಮ್ಮ ಜೊತೆ ಇರಲ್ಲ.

ಮುರುಡೇಶ್ವರದ ದೊಡ್ಡ ದುರಂತ ನಡೆದದ್ದು ಮಾತ್ರ ನೇತ್ರಾಣಿಯಲ್ಲಲ್ಲ, ದಡದಲ್ಲಿ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಸರ್ಕಾರ ತಲಾ 5 ಲಕ್ಷ ಪರಿಹಾರ ಘೋಷಿಸಿತು, ಶಿಕ್ಷಕರ ಮೇಲೆ ಕ್ರಮ ಆಯಿತು, ಬೀಚ್ ಕೆಲ ದಿನ ಬಂದ್ ಆಗಿತ್ತು. ಯಾವ ಸಾಹಸ ಕ್ರೀಡೆಗೂ ಆ ಮಕ್ಕಳು ಹೋಗಿರಲಿಲ್ಲ. ದುಡ್ಡು ಕೊಟ್ಟು ಮಾಡೋ ಕಡೆ ಒಬ್ಬ ಎಣಿಸೋನಾದರೂ ಇರ್ತಾನೆ, ಜಾಕೆಟ್ ಬಿಗಿ ಮಾಡೋನು ಇರ್ತಾನೆ. ಪುಕ್ಕಟೆ ನೀರಿಗೆ ಯಾರೂ ಇರಲ್ಲ. ನಮ್ಮ ಶಾಲೆ, ಟ್ಯೂಷನ್ ಸೆಂಟರ್‌ಗಳೂ ಡಿಸೆಂಬರ್‌ನಲ್ಲಿ ಇದೇ ರೂಟ್ ಹಿಡಿಯುತ್ತವೆ, ಪೋಷಕರು ಸಹಿ ಹಾಕೋ ಮುಂಚೆ ಬೀಚ್‌ನಲ್ಲಿ ಎಷ್ಟು ಮಕ್ಕಳಿಗೆ ಒಬ್ಬ ಟೀಚರ್ ಅಂತ ಕೇಳಲಿ.

ಇದರ ಜೊತೆ ನಮ್ಮದೇ ಒಂದು ಕೊರತೆ. ಹರಿಹರದ ಊರ ಪಕ್ಕದಲ್ಲೇ ತುಂಗಭದ್ರೆ ಹರಿಯುತ್ತಾಳೆ, ಹಿಂದಿನ ತಲೆಮಾರಿನವರು ಅಲ್ಲೇ ಈಜು ಕಲಿತವರು. ಈಗ ಮರಳು ತೆಗೆದ ಗುಂಡಿ, ಕೊಳಚೆ ನೀರಿನ ಭಯಕ್ಕೆ ಮಕ್ಕಳನ್ನ ಯಾರೂ ಹೊಳೆಗೆ ಕಳಿಸಲ್ಲ. ಅದು ಸರಿಯೇ. ಆದರೆ ಬೇರೆ ಕಡೆ ಕಲಿಸೋದೂ ಇಲ್ಲ. ಹೊಳೆ ದಂಡೆಯ ಊರಿನ ಹುಡುಗ ಮೊದಲ ಸಲ ಆಳದ ನೀರು ನೋಡೋದು ಟ್ರಿಪ್‌ನಲ್ಲಿ ಅಂತಾಗಿದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ರಸ್ತೆ

ಮನೆಯವರು "ನೀರಿನ ಹತ್ತಿರ ಹುಷಾರು" ಅಂತಾರೆ. ಟಿಟಿ ಡ್ರೈವರ್ ಹಿಂದಿನ ರಾತ್ರಿ ಮಲಗಿದ್ದನಾ ಅಂತ ಯಾರೂ ಕೇಳಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಟಿಟಿ ಗುದ್ದಿ 13 ಜನ ಸತ್ತರು. ಭದ್ರಾವತಿ ತಾಲ್ಲೂಕು ಎಮ್ಮೆಹಟ್ಟಿಯವರು, ದೇವರಿಗೆ ಹೋಗಿ ವಾಪಸ್ ಊರಿಗೆ ಬರ್ತಿದ್ದರು. ನಾವು ದಾಂಡೇಲಿಗೆ ಹುಬ್ಬಳ್ಳಿ ಮೇಲೆ ಹೋಗೋ ಹೈವೇ ಅದೇ, ರಾಣೇಬೆನ್ನೂರು ದಾಟಿದ ಮೇಲೆ ಸಿಗೋ ಜಾಗ. ಮೇಲೆ ಹೇಳಿದ ನೀರಿನ ಘಟನೆಗಳ ಜೊತೆ ಇದನ್ನ ಇಟ್ಟು ನೋಡಿ.

ಶನಿವಾರ ರಾತ್ರಿ ಹನ್ನೊಂದಕ್ಕೆ ಹೊರಟು ಭಾನುವಾರ ರಾತ್ರಿಯೇ ವಾಪಸ್ ಹೊರಡೋ ಟ್ರಿಪ್‌ನಲ್ಲಿ ಒಬ್ಬನೇ ಡ್ರೈವರ್ ಎರಡು ರಾತ್ರಿ ಸ್ಟೇರಿಂಗ್ ಹಿಡೀತಾನೆ. ಎರಡನೇ ಡ್ರೈವರ್ ಬಾಟಾ ತಲೆಗೆ ಹಂಚಿದರೆ ಒಂದು ಬೆಣ್ಣೆ ದೋಸೆ ದುಡ್ಡು ಹೆಚ್ಚು ಕಡಿಮೆ ಆಗಬಹುದು, ಅಷ್ಟೇ. ಅಥವಾ ಭಾನುವಾರ ಬೆಳಗಿನ ಜಾವ ಹೊರಡಿ, ಸೋಮವಾರ ಅಂಗಡಿ ಮಧ್ಯಾಹ್ನ ತೆಗೀರಿ. ಗಿರಾಕಿ ಎಲ್ಲೂ ಓಡಿಹೋಗಲ್ಲ.

ಇನ್ನು ವೈಟ್ ಬೋರ್ಡ್ ಗಾಡಿ. "ನಮ್ಮ ದೋಸ್ತಂದೇ ಗಾಡಿ, ಡೀಸೆಲ್ ಹಾಕಿಸಿ ಅವನಿಗೆ ಸ್ವಲ್ಪ ಕೊಟ್ಟರೆ ಆಯ್ತು" ಅನ್ನೋದು ಮಾಮೂಲು. ಖಾಸಗಿ ಗಾಡಿಯ ಪಾಲಿಸಿ ಬಾಡಿಗೆ ಓಡಾಟಕ್ಕೆ ಅಲ್ಲ. ದುಡ್ಡು ಕೊಟ್ಟು ಹೋಗಿದ್ದು ಗೊತ್ತಾದರೆ ಇನ್ಶೂರೆನ್ಸ್ ಕಂಪನಿ ತಕರಾರು ತೆಗೆಯೋಕೆ ಅದೇ ದಾರಿ. ಹಳದಿ ಬೋರ್ಡ್ ಗಾಡಿಯಾದರೂ ಎಫ್‌ಸಿ, ಪರ್ಮಿಟ್, ಇನ್ಶೂರೆನ್ಸ್ ದಿನಾಂಕದ ಫೋಟೋ ಕಳಿಸಿ ಅಂತ ಕೇಳಿ. ಮಾಲು ತರಿಸೋವಾಗ ಬಿಲ್ಲು ಕೇಳಲ್ವಾ, ಹಾಗೆ.

ಅಪಘಾತ ವಿಮೆ ಇದೆ ಅಂತ ಧೈರ್ಯವಾಗಿರೋರು ಪಾಲಿಸಿ ತೆಗೆದು ಒಂದ್ಸಲ ಓದಿ. ಹಲವು ಪಾಲಿಸಿಗಳಲ್ಲಿ ಸಾಹಸ ಕ್ರೀಡೆಯನ್ನ ಹೊರಗಿಟ್ಟಿರ್ತಾರೆ. ಅಂಗಡಿ ಹುಡುಗರನ್ನ ಕರ್ಕೊಂಡು ಹೋಗೋ ಮಾಲೀಕರು ಕನಿಷ್ಠ ಅವರ ಬ್ಯಾಂಕ್ ಖಾತೆಯಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಆನ್ ಆಗಿದೆಯಾ ನೋಡಬಹುದು. 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಪ್ರತಿ ಜೂನ್‌ನಿಂದ ಮೇವರೆಗೆ ಲೆಕ್ಕ, ಖಾತೆಯಲ್ಲಿ ಆ 20 ರೂಪಾಯಿ ಇಲ್ಲದೆ ಕಟ್ ಆಗದೇ ಹೋಗಿರೋದೂ ಇರುತ್ತೆ. ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿದರೆ ಗೊತ್ತಾಗುತ್ತೆ.

ಪ್ರತಿ ಗ್ರೂಪಿನಲ್ಲೂ ದುಡ್ಡು ಕಲೆಕ್ಟ್ ಮಾಡೋನು ಒಬ್ಬ ಇರ್ತಾನೆ. ಏಜೆಂಟ್ ಜೊತೆ ಮಾತಾಡೋನೂ ಅವನೇ. ಈ ಸಲ ಅಡ್ವಾನ್ಸ್ ಫೋನ್‌ಪೇ ಮಾಡೋ ಮುಂಚೆ ಅವನು ಕೇಳಬೇಕಾದ್ದು ಇಷ್ಟು: ಒಂದು ರಾಫ್ಟಿಗೆ ಗೈಡ್ ಬಿಟ್ಟು ಎಷ್ಟು ಜನ, ರಾಫ್ಟ್ ನಡೆಸೋರ ಹತ್ತಿರ ಲೈಸೆನ್ಸ್ ಇದೆಯಾ, ನಮ್ಮ ಸೈಜಿನ ಜಾಕೆಟ್ ಎಲ್ಲರಿಗೂ ಸಿಗುತ್ತಾ. ಏಜೆಂಟ್ "ಅದೆಲ್ಲಾ ಅಲ್ಲಿ ನೋಡ್ಕೋತಾರೆ ಬಿಡ್ರಿ ಸರ್" ಅಂದರೆ ಅಲ್ಲಿನವರ ನಂಬರ್ ಇಸ್ಕೊಂಡು ನೇರ ಅವರಿಗೇ ಫೋನ್ ಹಚ್ಚಲಿ. ನಂಬರ್ ಕೊಡಲ್ಲ ಅಂದರೆ ಬೇರೆ ಏಜೆಂಟ್ ಹುಡುಕಲಿ.